ಎಂದರೆ ಸರಿ

ಶನಿವಾರ ಬೆಳಿಗ್ಗೆ ಹಾಸನದಲ್ಲಿ ಬಸ್ಸು ಹತ್ತಿದಾಗಿನಿಂದ ವಕೀಲ ಗಿರಿಧರನ ಮನಸ್ಸು ಒಂದು ಕಡೆ ನಿಂತಿರಲಿಲ್ಲ. ಹೊಳೆನರಸೀಪುರದ ಕೋರ್ಟಿನಲ್ಲಿ ಹಳೇಕೋಟೆಯ ಒಬ್ಬ ಮುದುಕಿಯ ಪಾಟೀಸವಾಲು ಇತ್ತು. ಅದು ಮುಗಿದ ಮೇಲೆ ಅದೇ ಊರಿನಲ್ಲಿರುವ ತಾಯಿಯ ಮನೆಗೆ ಹೋಗಿ ತಂಗಿ ಹಂಸಳನ್ನು ಒಂದು ಮಾತು ಕೇಳಬೇಕಿತ್ತು. ಮೊದಲನೆಯದಕ್ಕೆ ರಾತ್ರಿಯೇ ತಯಾರಾಗಿದ್ದ. ಎರಡನೆಯದಕ್ಕೆ ತಯಾರಿ ಏಕೆ, ಸ್ವಂತ ತಂಗಿಯಲ್ಲವೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಕಿಟಕಿಯಾಚೆ ಡಿಸೆಂಬರಿನ ಮಂಜಿನಲ್ಲಿ ಓಡುವ ಹುರುಳಿ ಹೊಲಗಳನ್ನು ನೋಡುವವನಂತೆ ಕೂತು, ಅದನ್ನೇ ಮಾಡಿಕೊಳ್ಳುತ್ತಿದ್ದ. ಯಾವ ಮಾತು ಮೊದಲು, ಯಾವುದು ಆಮೇಲೆ, ಎಲ್ಲಿ ಸ್ವಲ್ಪ ಸುಮ್ಮನಿರಬೇಕು. ಹೊರಡುವಾಗ ಹೆಂಡತಿ ಆರತಿ ತಿಂಡಿಯ ತಟ್ಟೆ ಎತ್ತುತ್ತ, "ಹಂಸ ಮದುವೆ ಆಗಬಾರದು ಅಂತ ನಾನು ಹೇಳ್ತಾನೇ ಇಲ್ಲ. ಆದ್ರೆ ನಿಮ್ಮಮ್ಮನ್ನ ಇಲ್ಲಿ ಎಲ್ಲಿ ಮಲಗಿಸ್ತೀರಿ, ಅಷ್ಟು ಯೋಚಿಸಿದೀರಾ?" ಎಂದಿದ್ದಳು. ಅದು ಪ್ರಶ್ನೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಷ್ಟು ವರ್ಷ ಜೊತೆಗಿದ್ದು ಅವಳೂ ಹೀಗೆ ಕೇಳುವುದನ್ನು ಕಲಿತುಬಿಟ್ಟಿದ್ದಾಳೆ ಎಂದುಕೊಂಡು ಅವನು ಚಪ್ಪಲಿ ಮೆಟ್ಟಿದ್ದ.

ಕೇಳಬೇಕಾಗಿದ್ದ ಮಾತು ದೇವರಾಜುವಿನದು. ಹಳ್ಳಿಮೈಸೂರಿನ ಹೈಸ್ಕೂಲಿನಲ್ಲಿ ಹಂಸ ಕನ್ನಡ ಹೇಳಿಕೊಡುತ್ತಾಳೆ, ಅವನು ಗಣಿತ. ಅರಕಲಗೂಡು ಕಡೆಯವನು, ಒಕ್ಕಲುತನದ ಮನೆಯವನು, ತಂಗಿಯರ ಮದುವೆ ಮಾಡಿ ಮುಗಿಸುವ ಹೊತ್ತಿಗೆ ತನ್ನ ವಯಸ್ಸು ಮೀರಿಸಿಕೊಂಡವನು. ಹೋದ ವಾರ ಹಾಸನದ ಕೋರ್ಟಿನ ಗೇಟಿಗೇ ಬಂದು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ಹುಡುಗರಿಗೆ ಲೆಕ್ಕ ಬಿಡಿಸಿ ತೋರಿಸುವವನ ನಿಧಾನದಲ್ಲಿ ಹೇಳಿದ್ದ. "ನಾನೇ ಕೇಳ್ಬೋದಿತ್ತು ಸಾ. ಆದ್ರೆ ನಾನು ಕೇಳುದ್ರೆ ನನ್ ಮೊಕ ನೋಡ್ಕಂಡು ಊಂ ಅಂದ್ಬುಟ್ಟಾರು ಅಂತ ಭಯ. ಯಾರಿಗೂ ಇಲ್ಲ ಅಂದೋರಲ್ಲ ಅವ್ರು. ನೀವಾದ್ರೆ ಒಡಹುಟ್ಟಿದೋರು, ನಿಮ್ ಹತ್ರ ಮನಸಲ್ಲಿರೋದು ಏಳ್ತಾರೆ. ಬ್ಯಾಡ ಅಂದ್ರೂ ಬೇಜಾರಿಲ್ಲ ಸಾ. ಅವ್ರ ಮಾತು ಅವ್ರದೇ ಆಗಿರ್ಬೇಕು, ಅಷ್ಟೇಯ. ಶನಿವಾರ ಸಾಯಂಕಾಲ ಮನೆತಾವ ಬತ್ತೀನಿ." ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳಲು ಗಿರಿಧರ ಅವತ್ತಿನಿಂದ ಒಂದು ಕಾರಣ ಹುಡುಕುತ್ತಿದ್ದ, ಸಿಕ್ಕಿರಲಿಲ್ಲ. ಜಾತಿ ಎಂದುಕೊಳ್ಳಬಹುದಿತ್ತು. ಆದರೆ ಬಾರ್ ರೂಮಿನಲ್ಲಿ ಅದರ ವಿರುದ್ಧ ಅಷ್ಟೊಂದು ಭಾಷಣ ಮಾಡಿದ್ದವನಿಗೆ ಹಾಗೆಂದುಕೊಳ್ಳಲೂ ನಾಚಿಕೆಯಾಯಿತು. ನಾಚಿಕೆಪಡದೆ ಒಪ್ಪಿಕೊಳ್ಳಬಹುದಾದ ಕಾರಣ ಒಂದೂ ಇರಲಿಲ್ಲ.

ಕೋರ್ಟಿನಲ್ಲಿ ಹಳೇಕೋಟೆಯ ದೊಡ್ಡತಾಯಮ್ಮ ಕಟಕಟೆ ಹತ್ತಿ ಕೈಮುಗಿದು ನಿಂತಿದ್ದಳು. ಬದುವಿನ ಮೇಲಿನ ಹುಣಿಸೆಮರವೊಂದನ್ನು ಗಿರಿಧರನ ಕಕ್ಷಿಗಾರ ಕಡಿದುಹಾಕಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ನೋಡಿದ್ದಳು ಎಂಬುದರಲ್ಲಿ ಗಿರಿಧರನಿಗೂ ಅನುಮಾನವಿರಲಿಲ್ಲ. ಕಡಿದವನೇ ಅವನಿಗೆ ಹೇಳಿದ್ದ. ಗಿರಿಧರ ಗಂಟಲು ಸರಿಮಾಡಿಕೊಂಡು, ಮನೆಯ ಹಿರಿಯರನ್ನು ಮಾತಾಡಿಸುವ ದನಿಯಲ್ಲಿ, "ಏನಮ್ಮ, ಬೆಳಗ್ಗೆಯೇ ಹೊರಟ್ರಾ? ಚಳಿ ಜಾಸ್ತಿ ಅಲ್ವಾ?" ಎಂದ. "ಊಂ ಕಣಪ್ಪ." "ಮರ ಕಡಿದ ದಿನವೂ ಹಿಂಗೇ ಚಳಿ ಇತ್ತು ಅಲ್ವಾ?" "ಊಂ." "ಮಂಜೂ ಇರ್ತದೆ ಆ ಹೊತ್ತಲ್ಲಿ?" "ಇರ್ತದೆ, ಆದ್ರೆ ಅವತ್ತು" ಎಂದು ಅವಳು ಶುರು ಮಾಡುವಷ್ಟರಲ್ಲಿ, "ಕೇಳಿದ್ದಕ್ಕೆ ಮಾತ್ರ ಹೇಳಬೇಕಮ್ಮ, ಸಾಹೇಬ್ರಿಗೆ ಹೊತ್ತಾಗ್ತದೆ. ಇರ್ತದೆ ಅಲ್ವಾ?" ಎಂದ. ಅವಳು ಜಡ್ಜ್ ಸಾಹೇಬರ ಕಡೆ ಹೆದರಿ ನೋಡಿ, "ಊಂ" ಎಂದಳು. ಕಣ್ಣಿಗೆ ಪೊರೆ ಬಂದು ಹಾಸನದ ಆಸ್ಪತ್ರೆಗೆ ತೋರಿಸಿದ್ದು ಊಂ, ದೂರದಲ್ಲಿ ಬರುವವರ ಗುರುತು ಹತ್ತದೆ ಯಾರವ್ವ ಅದು ಎಂದು ಕೂಗಿ ಕೇಳುವುದು ಊಂ, ತಪ್ಪು ಹೇಳಿದರೆ ದೇವರು ಮೆಚ್ಚುವುದಿಲ್ಲ ಎಂಬುದೂ ಊಂ.

ಇಲ್ಲಿ ಪ್ರಶ್ನೆಯನ್ನು ಯಾರೂ ಬರೆದುಕೊಳ್ಳುವುದಿಲ್ಲ. ವಕೀಲ ಕೇಳಿದ್ದನ್ನೂ ಸಾಕ್ಷಿ ತಲೆಯಾಡಿಸಿದ್ದನ್ನೂ ಸೇರಿಸಿ ಸಾಹೇಬರು ಒಂದು ವಾಕ್ಯ ಮಾಡಿ ಹೇಳುತ್ತಾರೆ, ಟೈಪಿಸ್ಟ್ ಚೆನ್ನಯ್ಯ ಅದನ್ನು ಹೊಡೆಯುತ್ತಾನೆ. ಅಂದು ದಟ್ಟವಾದ ಮಂಜು ಕವಿದಿತ್ತು ಎಂದರೆ ಸರಿ. ನನಗೆ ದೂರದಲ್ಲಿರುವವರ ಗುರುತು ಸಿಗುವುದಿಲ್ಲ ಎಂದರೆ ಸರಿ. ದಟ್ಟವಾದ ಎಂಬ ಮಾತನ್ನು ಗಿರಿಧರ ಕೊನೆಯಲ್ಲಿ ಮೆತ್ತಗೆ ಸೇರಿಸಿದ್ದ. ಹಳೇಕೋಟೆಯ ಯಾವ ಮುದುಕಿಯೂ ಜನ್ಮದಲ್ಲಿ ಅಂಥ ಮಾತಾಡಿರಲಾರಳು. ವಾಕ್ಯವೆಲ್ಲ ವಕೀಲನದು, ಸರಿ ಎಂಬುದೊಂದು ಸಾಕ್ಷಿಯದು, ಆದರೆ ಓದುವವರಿಗೆ ಮುದುಕಿಯೇ ನಿಂತು ಒಂದೇ ಉಸಿರಿಗೆ ಅಷ್ಟನ್ನೂ ಹೇಳಿದಂತಿರುತ್ತದೆ, ಕೆಳಗೆ ಹೆಬ್ಬೆಟ್ಟೂ ಅವಳದೇ ಇರುತ್ತದೆ. ಈ ವಿದ್ಯೆಯನ್ನು ಕಲಿಸಿದ ಹಿರಿಯ ವಕೀಲ ಪರಮಶಿವಯ್ಯನವರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಹೇಳುತ್ತಿದ್ದುದು ಒಂದೇ ಮಾತು: ಉತ್ತರ ನಿನಗೆ ಗೊತ್ತಿಲ್ಲದಿದ್ದರೆ ಪ್ರಶ್ನೆ ಕೇಳಬೇಡ, ಗೊತ್ತಿದ್ದೂ ಅದು ನಿನಗೆ ಬೇಡವಾಗಿದ್ದರೆ, ಅದರ ಹತ್ತಿರಕ್ಕೂ ಹೋಗಬೇಡ.

ಹೊರಗೆ ಜಗಲಿಯಲ್ಲಿ ದೊಡ್ಡತಾಯಮ್ಮ ಅವನಿಗಾಗಿ ಕಾದಿದ್ದಳು. ಬೈಯಲು ನಿಂತಿದ್ದಾಳೆಂದು ಅವನು ಫೈಲನ್ನು ಎದೆಗೆ ಒತ್ತಿಕೊಂಡು ಬದಿಗೆ ಸರಿದರೆ ಅವಳು ಸೆರಗು ತಲೆಗೆ ಎಳೆದುಕೊಂಡು ಹತ್ತಿರ ಬಂದು, "ಸಾ, ಸರಿಯಾಗಿ ಏಳುದ್ನಾ?" ಎಂದಳು. ಅವನಿಗೆ ಅರ್ಥವಾಗಲಿಲ್ಲ. "ಕೋಲ್ಟು ಅಂದ್ರೆ ಭಯ ಕಣಪ್ಪ ನಂಗೆ. ಎಲ್ಲಿ ತಪ್ಪಿ ಬುಟ್ಟೇನೋ ಅಂತ ಎದೆ ಒಡ್ಕಳ್ತಿತ್ತು. ನೀನೇ ಎಲ್ಲ ಎತ್ತಿ ಎತ್ತಿ ಕೊಟ್ಟೆ, ಪುಣ್ಯಾತ್ಮ. ನಮ್ ಕಡೆ ಲಾಯರಪ್ಪ ಬರೀ ಗದರ್ತಾನೆ." ತನ್ನ ಕಡೆಯ ಸಾಕ್ಷಿಯನ್ನು ತಾನೇ ಕೆಡಿಸಿಕೊಂಡ ಮುದುಕಿ ಎದುರಾಳಿಯ ವಕೀಲನಿಗೆ ಕೈಮುಗಿಯುತ್ತಿದ್ದಳು. ಪಕ್ಕದಲ್ಲಿದ್ದ ಕಿರಿಯ ವಕೀಲರಿಬ್ಬರು ಮುಖ ತಿರುಗಿಸಿ ನಕ್ಕರು. ಅವರ ಜೊತೆ ತಾನೂ ನಗಬಹುದಿತ್ತು, ಎಷ್ಟೋ ಸಲ ನಕ್ಕಿದ್ದಾನೆ. ಇವತ್ತು ನಗು ಬರಲಿಲ್ಲ. "ಚೆನ್ನಾಗಿ ಹೇಳಿದ್ರಿ ಕಣಮ್ಮ" ಎಂದು ಮೆಟ್ಟಿಲಿಳಿದು ಬಿಸಿಲಿಗೆ ಬಂದ.

ಮನೆಯ ದಾರಿಯಲ್ಲಿ ಹೊಸದಾಗಿ ತೆರೆದ ಎಸ್‌ಟಿಡಿ ಬೂತಿನ ಗಾಜಿನೊಳಗೆ ಯಾರೋ ಹೆಂಗಸು ಫೋನು ಹಿಡಿದು ಬರೀ ತಲೆ ಆಡಿಸುತ್ತಿದ್ದಳು. ಆಚೆಯವರಿಗೆ ಅದು ಕಾಣುವುದಿಲ್ಲ ಎಂಬುದು ಅವಳಿಗೆ ತಿಳಿದಂತಿರಲಿಲ್ಲ. ಹಂಸಳೂ ಹಾಗೇ, ಅವಳ ಒಪ್ಪಿಗೆಯಲ್ಲಿ ಯಾವತ್ತೂ ಸದ್ದಿರಲಿಲ್ಲ. ಚನ್ನರಾಯಪಟ್ಟಣದಿಂದ ಕೇದಾರನ ಕಡೆಯವರು ಅವಳನ್ನು ನೋಡಿಕೊಂಡು ಹೋದ ಸಂಜೆ ಅಪ್ಪ ಮುಂಬಾಗಿಲಲ್ಲೇ ನಿಂತು, "ಏ ಗಿರಿ, ಅವಳನ್ನ ಒಂದು ಮಾತು ಕೇಳಿಬಿಡೋ" ಎಂದಿದ್ದರು. ಆಗಿನ್ನೂ ಲಾ ಕಾಲೇಜು ಮುಗಿಸಿದ ಬಿಸಿ. ಅಡಿಗೆಮನೆಗೆ ಹೋಗಿ, ಹೂರಣ ರುಬ್ಬುತ್ತಿದ್ದವಳ ಬೆನ್ನಿಗೆ, "ಹುಡುಗ ಹಿಡಿಸಿದ ತಾನೆ?" ಎಂದಿದ್ದ. ಒರಳಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. "ಹೂಂ ಅಂತೆ" ಎಂದು ಹೊರಗೆ ಬಂದು ಹೇಳಿದ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅಪ್ಪ ಮೆಚ್ಚಿಕೊಂಡರು. ಕೇದಾರ ಕೆಟ್ಟವನೇನಲ್ಲ. ಮದುವೆಯಾದ ಮೂರನೆಯ ವರ್ಷ ಸ್ಕೂಟರಿನಿಂದ ಬಿದ್ದು ಸತ್ತ, ಅದಕ್ಕೆ ಯಾರೇನು ಮಾಡುವುದಕ್ಕಾಗುತ್ತದೆ? ತಾನು ಈಗಲೂ ಅದನ್ನು ಪ್ರಶ್ನೆಯ ರೂಪದಲ್ಲಿಯೇ ಕೇಳಿಕೊಳ್ಳುತ್ತಿರುವುದು ಗಿರಿಧರನ ಗಮನಕ್ಕೆ ಬಂತು. ಅವನ ವೈಕುಂಠ ಸಮಾರಾಧನೆ ಮುಗಿದ ವಾರ ತಾನೇ ಮತ್ತೆ ಕೇಳಿದ್ದ, "ಇನ್ನು ಇಲ್ಲೇ ಇದ್ದುಬಿಡ್ತೀಯ ತಾನೆ, ಅಮ್ಮನಿಗೂ ಒಂದು ಆಸರೆ?" ಅದಕ್ಕೂ ಹೂಂ. ಆ ಒಂದು ಹೂಂನ ಮೇಲೆ ಅವನು ಹಾಸನದಲ್ಲಿ ಮನೆ ಮಾಡಿದ, ಆಫೀಸು ಮಾಡಿದ, ವಾರಕ್ಕೊಮ್ಮೆ ಹಣ್ಣು ತಂದುಕೊಡುವ ಮಗನಾದ. ತಾಯಿಯ ಸಕ್ಕರೆ ಕಾಯಿಲೆ, ಮಂಡಿನೋವು, ಹಗಲಿರುಳೂ ಗೊಣಗಾಟ, ಎಲ್ಲ ಹಂಸಳ ಪಾಲಿಗೆ ಬಂದವು.

ತಾಯಿ ಲಕ್ಷ್ಮೀದೇವಮ್ಮ ಬಾಗಿಲಲ್ಲೇ ಕಾದಿದ್ದರು. ಹಂಸ ಶಾಲೆಯಿಂದ ಬಂದು ಹಿತ್ತಲಲ್ಲಿದ್ದಾಳೆ ಎಂದು ಕಣ್ಣಿನಲ್ಲೇ ತೋರಿಸಿ, ಅವನ ಎಲೆಗೆ ಅನ್ನ ಬಡಿಸುತ್ತ ದನಿ ತಗ್ಗಿಸಿದರು. "ನಾವು ಬೇಡ ಅಂದ್ರೆ ನಾವು ಕೆಟ್ಟೋರಾಗ್ತೀವಿ ಕಣೋ. ಅವಳ ಬಾಯಿಂದಲೇ ಬರಲಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನೀನಾದ್ರೆ ಕೇಳೋ ಹಾಗೆ ಕೇಳ್ತೀಯ."

"ಅವಳಿಗೆ ಮನಸ್ಸಿದ್ರೆ?"

"ಮನಸ್ಸಿದ್ರೆ ಇಷ್ಟು ದಿನ ಸುಮ್ನಿರ್ತಿದ್ಲೇನೋ? ಅವಳಿಗೇನೂ ಇಲ್ಲ. ಆ ಮೇಷ್ಟ್ರು ತಲೆ ಕೆಡಿಸಿದಾನೆ ಅಷ್ಟೆ." ಅವರು ಇನ್ನೊಂದು ಸೌಟು ಸಾರು ಬಡಿಸಿದರು. "ನನ್ನನ್ನ ಆರತಿ ನೋಡ್ಕೋತಾಳೇನೋ ಗಿರಿ?"

ಅಮ್ಮನೂ ಪ್ರಶ್ನೆ ಕೇಳುವುದರಲ್ಲಿ ಕಡಿಮೆಯವಳಲ್ಲ ಎಂದುಕೊಂಡು ಅವನು ತಲೆ ಎತ್ತದೆ ಸಾರು ಸುರಿದ. ಮಜ್ಜಿಗೆಗೆ ಬರುವ ಹೊತ್ತಿಗೆ ಹಂಸಳನ್ನು ಹೇಗೆ ಕೇಳಬೇಕೆಂಬುದು ಇಬ್ಬರ ನಡುವೆ ತೀರ್ಮಾನವಾಗಿತ್ತು. ಅವಳಿಗೆ ಮನಸ್ಸಿದೆ ಎಂದು ಅವನಿಗೆ ಗೊತ್ತಿತ್ತು. ಹೋದ ತಿಂಗಳು ಶಾಲೆಯ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದುಕೊಂಡು ಹೋಗಿ ಬಂದ ಮೇಲೆ ಹಂಸ ಅವನಿಗೆ ಅದನ್ನು ಹೇಳಿದ್ದಳು: ಬೆಟ್ಟ ಇಳಿದ ಮೇಲೆ ಎಲ್ಲರೂ ಊಟಕ್ಕೆ ಕೂತಾಗ ದೇವರಾಜು ಮೇಷ್ಟ್ರು ಒಂದಷ್ಟು ಹುಡುಗಿಯರನ್ನೂ ತನ್ನನ್ನೂ ಪಕ್ಕದ ಜಿನನಾಥಪುರಕ್ಕೆ ನಡೆಸಿಕೊಂಡು ಹೋದದ್ದು, ಅಲ್ಲಿ ಬಸದಿಯ ಗೋಡೆಯ ಬೊಂಬೆಗಳನ್ನು ನೋಡುತ್ತ ಅವರು ಬಾಯಿಗೆ ಬಂದ ಕತೆ ಕಟ್ಟಿ ಹೇಳಿ ಹುಡುಗಿಯರನ್ನು ನಗಿಸಿದ್ದು, ವಾಪಸು ಬರುವಾಗ ತನ್ನ ಚಪ್ಪಲಿ ಕಿತ್ತುಹೋಗಿ ಅವರು ತಮ್ಮದನ್ನು ಕೊಟ್ಟು ಬರಿಗಾಲಲ್ಲಿ ನಡೆದದ್ದು. ಹೇಳುತ್ತ ಹೇಳುತ್ತ ಅವಳು ನಕ್ಕಿದ್ದಳು, ಕೈ ಆಡಿಸಿದ್ದಳು, ಅವನು ಕೇಳದೇ ಇದ್ದದ್ದನ್ನೂ ಹೇಳಿದ್ದಳು. ತಂಗಿ ಅಷ್ಟೊಂದು ಮಾತು ಒಟ್ಟಿಗೆ ಆಡಿದ್ದನ್ನು ಅವನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಉತ್ತರ ಅವತ್ತೇ ಸಿಕ್ಕಿತ್ತು. ಆದ್ದರಿಂದಲೇ ಅದರ ಹತ್ತಿರ ಹೋಗುವ ಹಾಗಿರಲಿಲ್ಲ.

ಹಿತ್ತಲ ಜಗಲಿಯಲ್ಲಿ ಹಂಸ ನೆನೆಹಾಕಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಿದ್ದಳು. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಚಿಮ್ಮುತ್ತಿತ್ತು. ಅವನು ಎದುರಿಗೆ ಮೆಟ್ಟಿಲ ಮೇಲೆ ಕೂತ. ಸಿದ್ಧಮಾಡಿಕೊಂಡದ್ದೆಲ್ಲ ಒಮ್ಮೆ ಮರೆತುಹೋಯಿತು. ಅವಳ ಕಿವಿಯ ಹತ್ತಿರ ಬಿಳಿ ಕೂದಲು ಕಂಡವು, ಯಾವಾಗ ಬಂದವೋ. ಹಂಸ, ನಿನಗೆ ಏನು ಬೇಕು ಎಂದು ಈಗಲೇ ಕೇಳಿಬಿಟ್ಟರೆ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ, ಬಾಯಿ ತೆರೆದದ್ದೂ ನಿಜ. ಬಾಯಿಂದ ಬಂದದ್ದು, "ಸುಸ್ತಾಗಿದೀಯ ಅಲ್ವಾ?"

"ಹೂಂ."

"ಬಸ್ಸಲ್ಲಿ ಹೋಗಿ ಬರೋದೇ ಒಂದು ಕೆಲಸ. ಬಂದ ಮೇಲೆ ಅಮ್ಮಂದು ಬೇರೆ."

"ಹೂಂ."

"ಅಮ್ಮನ ಕಾಲು ಇನ್ನು ಸರಿಹೋಗೋ ಹಾಗಿಲ್ಲ, ಡಾಕ್ಟ್ರು ನಿನಗೂ ಅದನ್ನೇ ಹೇಳಿದಾರಲ್ಲ?"

"ಹೂಂ."

"ನಿನ್ನ ಕೈ ಅಭ್ಯಾಸ ಅವಳಿಗೆ. ಬೇರೆ ಯಾರು ಮಾಡಿದ್ರೂ ಹಿಡಿಸಲ್ಲ. ಅಲ್ವಾ?" ಹಂಸ ಸ್ವಲ್ಪ ನಕ್ಕಳು. ಆ ನಗುವನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡ. "ದೇವರಾಜು ಬಂದಿದ್ರು. ಒಳ್ಳೆಯವರು, ಅಲ್ವಾ?" ಅವಳ ಬೆರಳು ನಿಂತಿತು. ಅವನು ಕಾಯಲಿಲ್ಲ. ಸಾಕ್ಷಿಯ ಬೆರಳು ನಿಂತಾಗ ಕಾಯಬಾರದು. "ಒಳ್ಳೆಯವರು ಅಂತಲೇ ನನಗೂ ಯೋಚನೆ. ಅವರಮ್ಮ ಹಳೇ ಕಾಲದೋರು, ಊರಲ್ಲಿ ನಾಲ್ಕು ಜನ ನಾಲ್ಕು ಥರ ಆಡಿಕೊಂಡ್ರೆ ತಲೆ ತಗ್ಗಿಸೋದು ಅವರೇ ತಾನೆ? ಅಂಥವರಿಗೆ ನಿನ್ನಿಂದ ತೊಂದರೆ ಆಗೋದು ನಿನಗೂ ಬೇಡ."

"ಹೂಂ" ಎಂದಳು. ಆಮೇಲೆ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿ ಅವನ ಕಡೆ ತಿರುಗಿ, "ಅಣ್ಣ, ನಾನು ಏನು ಯೋಚನೆ ಮಾಡ್ತಿದ್ದೆ ಅಂದ್ರೆ" ಎಂದು ಶುರು ಮಾಡಿದಳು.

"ಗೊತ್ತು, ಗೊತ್ತು. ನನಗೆ ಗೊತ್ತಾಗಲ್ವಾ?" ಎಂದ ಗಿರಿಧರ. ಅವನ ದನಿಯಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ಅವನಿಗೇ ಮೈ ಜುಂ ಎಂದಿತು. ಆ ಪ್ರೀತಿ ಸುಳ್ಳೂ ಅಲ್ಲ. "ನಿನಗೆ ಈಗೇನು ಆತುರ ಇಲ್ಲವಲ್ಲ?"

ಅವಳು ಅವನ ಮುಖವನ್ನೇ ನೋಡಿದಳು. "ಇಲ್ಲ" ಎಂದಳು.

ಅದೇ ಬೇಕಾಗಿತ್ತು. ಇಡೀ ಮಧ್ಯಾಹ್ನ ಈ ಒಂದು ಇಲ್ಲಕ್ಕಾಗಿ ಅಷ್ಟೊಂದು ಹೂಂಗಳನ್ನು ಜೋಡಿಸಿದ್ದ. "ಹಾಗಾದ್ರೆ ಸದ್ಯಕ್ಕೆ ಬೇಡ ಅಂತ ನಾನೇ ಹೇಳಿಬಿಡ್ತೀನಿ. ನಿನಗೆ ಮುಜುಗರ ಬೇಡ. ಆಗಬಹುದಾ?" ಅವಳು ಪಾತ್ರೆಯ ಕಡೆ ತಿರುಗಿ ಮತ್ತೆ ಹಿತುಕಲು ತೊಡಗಿದ್ದಳು. ಬೇಳೆ ಬೀಳುವ ಸದ್ದಿನ ನಡುವೆ ಹೂಂ ಎಂದ ಹಾಗೆ ಕೇಳಿಸಿತು. ಸದ್ಯಕ್ಕೆ ಎಂಬುದು ದೇವರಾಜುವಿಗೆ ಹೇಳುವಾಗ ಬಿದ್ದುಹೋಗುತ್ತದೆ ಎಂದು ಅವನಿಗೆ ಆಗಲೇ ಗೊತ್ತಿತ್ತು. ಎದ್ದು ಒಳಗೆ ಬಂದರೆ ಲಕ್ಷ್ಮೀದೇವಮ್ಮ ಕೈಸನ್ನೆಯಲ್ಲಿ ಏನಾಯಿತು ಎಂದರು. ಅವನು ತಲೆಯಾಡಿಸಿದ. ಅವರು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದರು. ಕೇಸು ಗೆದ್ದ ದಿನ ಏಳುತ್ತಿದ್ದ ಹುರುಪು ಇವತ್ತೂ ಎದ್ದಿತು, ಅದಕ್ಕೆ ತಂಗಿ ಯಾರು ಮುದುಕಿ ಯಾರು ತಿಳಿಯುವುದಿಲ್ಲ. ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದ. ನಿದ್ದೆ ಬಂತು ಎಂಬುದಕ್ಕೆ ಆಮೇಲೆ ಅವನು ತನ್ನನ್ನೇ ಕ್ಷಮಿಸಿಕೊಳ್ಳಲಾರದೆ ಹೋದ.

ಸಾಯಂಕಾಲ ದೇವರಾಜು ಸ್ಕೂಟರಿನಲ್ಲಿ ಬಂದ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ. ಮುಂಜಗಲಿಯ ಬೆಂಚಿನ ಮೇಲೆ ಒಳಬಾಗಿಲಿಗೆ ಬೆನ್ನು ಮಾಡಿ ಕೂತು ಗಿರಿಧರ ಬಂದ ಬಸ್ಸಿನ ರಶ್ಶು, ಅವರೆಯ ಸೊಗಡು, ಅರಕಲಗೂಡಿನ ಚಳಿ ಎಲ್ಲ ಮಾತಾಡಿ ಮುಗಿಸಿದ. ಗಿರಿಧರ ಬಾಯಿಪಾಠ ಮಾಡಿಕೊಂಡವನಂತೆ, "ಕೇಳಿದೆ ಮೇಷ್ಟ್ರೇ. ಅವಳಿಗೆ ಮನಸ್ಸಿಲ್ಲ" ಎಂದ.

ದೇವರಾಜು ತಲೆ ತಗ್ಗಿಸಿದ. ಜಗಳವಾಡುತ್ತಾನೆ, ಜಾತಿ ಎತ್ತುತ್ತಾನೆ, ಎಂದು ಗಿರಿಧರ ಕಾದ. ಅದಕ್ಕೆಲ್ಲ ಉತ್ತರವಿತ್ತು. ಅವನು ತಲೆ ಎತ್ತಿ ಕೇಳಿದ್ದು ಇಷ್ಟೇ: "ಏನಂದ್ರು ಸಾ?"

"ಅದೇ, ಬೇಡ ಅಂತ."

"ಅದು ಗೊತ್ತಾಯ್ತು ಸಾ. ಅವ್ರ ಬಾಯಲ್ಲಿ ಏನಂದ್ರು ಅಂತ. ಯಾವ್ ಮಾತಲ್ಲಿ ಏಳುದ್ರು, ಅಂಗೇ ಏಳ್ಬುಡಿ. ಅಷ್ಟನ್ನ ಇಟ್ಕಂಡು ಓಯ್ತೀನಿ."

ಗಿರಿಧರ ನೆನಪು ಮಾಡಿಕೊಂಡ. ಹಿತ್ತಲು, ಪಾತ್ರೆ, ಬೆರಳು, ಬಿಳಿ ಕೂದಲು. ಮಾತು ನೆನಪಿಗೆ ಬರುತ್ತಿತ್ತು, ಒಂದೊಂದೂ ಸ್ಪಷ್ಟವಾಗಿ, ಎಲ್ಲವೂ ತನ್ನದೇ ದನಿಯಲ್ಲಿ. ಅವಳದು ಎಂದು ಹುಡುಕಿದರೆ ಹೂಂ, ಇಲ್ಲಗಳನ್ನು ಬಿಟ್ಟು ಸಿಕ್ಕಿದ್ದು ಅರ್ಧ ವಾಕ್ಯ, ನಾನು ಏನು ಯೋಚನೆ ಮಾಡ್ತಿದ್ದೆ ಅಂದ್ರೆ. ಅದರ ಮುಂದೆ ಏನಿತ್ತೋ ಅದನ್ನು ಅವನೇ ಒಳಗೆ ತಳ್ಳಿದ್ದ. ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಕೋರ್ಟಿನಲ್ಲಾದರೆ ಸಾಹೇಬರು ಒಂದು ವಾಕ್ಯ ಮಾಡಿಕೊಡುತ್ತಿದ್ದರು. ಇಲ್ಲಿ ಅವನೇ ಮಾಡಿದ. "'ನನಗೆ ಈ ಜೀವನವೇ ಸಾಕು, ಇನ್ನೊಂದು ಮದುವೆಯ ಆಸೆ ಇಲ್ಲ' ಅಂದಳು." ತಂಗಿಯ ದನಿಯನ್ನು ಸ್ವಲ್ಪ ಅನುಕರಿಸಿಯೂ ಹೇಳಿದನೋ ಏನೋ. ಹೇಳಿ ಮುಗಿಸಿ ನೋಡಿದರೆ ಬಾಗಿಲಲ್ಲಿ ಹಂಸ ಕಾಫಿ ಹಿಡಿದು ನಿಂತಿದ್ದಳು.

ಹೊರಗಿನವರಿಗೆಂದು ಅಮ್ಮ ತೆಗೆದಿಟ್ಟಿದ್ದ ಗಾಜಿನ ಲೋಟವಲ್ಲ ಅದು. ಮದುವೆಯಲ್ಲಿ ಬಂದ, ಹಂಸ ಎಂದು ಹೆಸರು ಕೊರೆಸಿದ ಸ್ಟೀಲಿನ ಲೋಟ. ಅದನ್ನು ದೇವರಾಜುವಿನ ಪಕ್ಕ ಬೆಂಚಿನ ಮೇಲಿಟ್ಟು, ಅಣ್ಣನ ಕಡೆ ನೋಡದೆ, "ನನ್ನನ್ನ ಯಾರೂ ಏನೂ ಕೇಳ್ಲಿಲ್ಲ" ಎಂದಳು. "ಅಣ್ಣ ಹೇಳ್ತಾ ಇದ್ದ. ಕತೆ ಹೇಳೋವಾಗ ಹೂಂಗುಟ್ತಾರಲ್ಲ, ಹಾಗೆ ಹೂಂಗುಟ್ಟಿದೆ, ಅಷ್ಟೆ." ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ತರಗತಿಯಲ್ಲಿ ಪದ ಬಿಡಿಸಿ ಹೇಳುವಂತೆ ಹೇಳಿದಳು. ಗಿರಿಧರನ ಕಿವಿ ಕಾದು ಉರಿಯಿತು. ಇಷ್ಟು ವರ್ಷಗಳಲ್ಲಿ ಒಬ್ಬ ಸಾಕ್ಷಿಯೂ ಹೀಗೆ ತಿರುಗಿ ನಿಂತಿರಲಿಲ್ಲ. ಅವಮಾನದ ತಳದಲ್ಲಿ, ಸದ್ಯ, ಮುಗಿಯಿತು, ಇನ್ನು ನಾನೇನೂ ಮಾಡಬೇಕಾಗಿಲ್ಲ ಎಂಬ ಹಗುರವೂ ಇತ್ತು.

ದೇವರಾಜು ಎದ್ದು ನಿಂತಿದ್ದ. ಅವಳು ಕಾಯುತ್ತಿದ್ದಳು. ಅವಳು ಹಾಗೆ ಒಬ್ಬರ ಮುಖವನ್ನು ನೆಟ್ಟಗೆ ನೋಡಿ ಕಾಯುವುದನ್ನು ಗಿರಿಧರ ಕಂಡಿರಲಿಲ್ಲ. ದೇವರಾಜು ಒಂದು ವಾರದಿಂದ ನಿದ್ದೆಗೆಟ್ಟವನು, ಬೇಡ ಎಂಬುದನ್ನು ಈಗಷ್ಟೇ ನುಂಗಿದವನು. ಹೆಲ್ಮೆಟ್ಟನ್ನು ಹಿಡಿದುಕೊಂಡು, ಆಸೆಗೆ ಅವಸರವಾಗಿ, "ಅಂಗಾದ್ರೆ ನಿಮ್ಗೆ ಒಪ್ಗೆ ಐತೆ ತಾನೆ? ಐತೆ ಅಲ್ವಾ?" ಎಂದುಬಿಟ್ಟ.

ಹಂಸಳ ಮುಖದಲ್ಲಿ ಏನೋ ಬಾಗಿಲು ಹಾಕಿಕೊಂಡಿತು. "ನೀವೂ ಹಾಗೇ ಕೇಳ್ತೀರಲ್ಲ" ಎಂದಳು. ತುಂಬ ಮೆಲ್ಲಗೆ ಹೇಳಿದಳು. ತಿರುಗಿ ಒಳಗೆ ಹೋದಳು. ಬಾಗಿಲಿನ ಪರದೆ ಅವಳ ಹಿಂದೆ ಅಲ್ಲಾಡಿ ನಿಂತಿತು.

ದೇವರಾಜು ಪೆಚ್ಚಾಗಿ ಬೆಂಚಿನ ಮೇಲೆ ಕೂತ. "ಏನಾಯ್ತು ಸಾ? ನಾನೇನು ತಪ್ಪು ಕೇಳ್ದೆ?"

ಅವನು ಕೇಳಿದ ತಪ್ಪು ಏನೆಂದು ಈ ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಗಿರಿಧರನಿಗೆ. ಒಂದು 'ತಾನೆ', ಒಂದು 'ಅಲ್ವಾ'. ಅವೆರಡನ್ನು ಕಿತ್ತುಹಾಕಿ ಇನ್ನೊಮ್ಮೆ ಕೇಳಿ ಮೇಷ್ಟ್ರೇ, 'ನೀವೇನಂತೀರಿ' ಎಂದಷ್ಟೇ ಕೇಳಿ ಸುಮ್ಮನೆ ಕೂತುಕೊಳ್ಳಿ, ಅವಳೇ ಹೇಳುತ್ತಾಳೆ ಎಂದರೆ ಸಾಕಾಗಿತ್ತು. ಅವನು ಪರದೆಯ ಕಡೆ ನೋಡಿದ. ಪರದೆಯ ಕೆಳಗೆ, ನೆಲಕ್ಕೂ ಅದಕ್ಕೂ ನಡುವಿನ ಒಂದು ಗೇಣು ಸಂದಿಯಲ್ಲಿ, ಹಂಸಳ ಸೀರೆಯ ಅಂಚೂ ಪಾದಗಳೂ ಕಾಣುತ್ತಿದ್ದವು. ಅವಳು ಅಡಿಗೆಮನೆಗೆ ಹೋಗಿರಲಿಲ್ಲ, ಅಲ್ಲೇ ನಿಂತಿದ್ದಳು. ಬಾಗಿಲಿಗೆ ಬೆನ್ನು ಮಾಡಿದ್ದ ದೇವರಾಜುವಿಗೆ ಅದು ಕಾಣುತ್ತಿರಲಿಲ್ಲ. ಗಿರಿಧರನಿಗೆ ಹಾಸನದ ಮನೆಯ ಹಜಾರ ಕಣ್ಣಿಗೆ ಬಂತು. ಸೋಫಾ ತೆಗೆದು ಅಲ್ಲಿ ಅಮ್ಮನ ಮಂಚ, ಮಂಚದ ಕೆಳಗೆ ಬೆಡ್‌ಪ್ಯಾನು, ಆರತಿಯ ಮುಖ. ಗಂಟಲು ಸರಿಮಾಡಿಕೊಂಡ. ಮನೆಯ ಹಿರಿಯನ ದನಿ ತಾನಾಗಿಯೇ ಬಂತು.

"ಏನು ತಪ್ಪೂ ಇಲ್ಲ. ಕಾಫಿ ಕುಡೀರಿ. ಒಬ್ಬ ಹೆಂಗಸು ಹೌದು ಅನ್ನದೆ ತಿರುಗಿ ಒಳಗೆ ಹೋದ್ಲು ಅಂದ್ರೆ ಏನರ್ಥ, ನಿಮಗೆ ಗೊತ್ತಾಗಲ್ವಾ ಮೇಷ್ಟ್ರೇ?"

ದೇವರಾಜು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅದರೊಳಗೆ ನೋಡಿದ. "ಮನಸಿಲ್ಲ ಅಂತಾಯ್ತು" ಎಂದ.

ಆ ಮಾತು ಅವನ ಬಾಯಿಂದಲೇ ಬಂದಿತ್ತು. ಗಿರಿಧರ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ದೇವರಾಜು ಕಾಫಿ ಕುಡಿದು, ಲೋಟವನ್ನು ಬೆಂಚಿನ ಕೆಳಗೆ ಜೋಪಾನವಾಗಿಟ್ಟು, "ಬತ್ತೀನಿ ಸಾ" ಎಂದು ಎದ್ದು ಮೆಟ್ಟಿಲಿಳಿದ. ಹ್ಯಾಂಡಲ್ಲಿನ ಬೀಗ ತೆಗೆಯಲು ತಡವರಿಸಿ, ಆಮೇಲೆ ಸ್ಕೂಟರನ್ನು ಶುರು ಮಾಡದೆ ಬೀದಿಯ ತಿರುವಿನ ತನಕ ತಳ್ಳಿಕೊಂಡೇ ಹೋದ. ಪರದೆಯ ಕೆಳಗೆ ಪಾದಗಳು ಇನ್ನೂ ಹಾಗೆಯೇ ಇದ್ದವು.